ತೋಳಿನ ಕಪ್ಪುಪಟ್ಟಿ, ಬರೆದಿಡದ ಕಪ್ಪುಪಟ್ಟಿ

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಹದಿನೆಂಟನೇ ಪ್ರಯತ್ನದಲ್ಲಿ ಐಪಿಎಲ್ ಕಪ್ ಗೆದ್ದಾಗ ಎಲ್ಲರ ಕಣ್ಣೂ ವಿರಾಟ್ ಕೊಹ್ಲಿ ಮೇಲಿತ್ತು. ತಂಡದ ಹೆಡ್ ಕೋಚ್ ಆಂಡಿ ಫ್ಲವರ್ ಅವರನ್ನು ಗಮನಿಸಿದವರು ಕಮ್ಮಿ. ಹೊಸ ತಲೆಮಾರಿನ ಅಭಿಮಾನಿಗಳಿಗೆ ಅವರು ಡಗ್‌ಔಟ್‌ನಲ್ಲಿ ಗಂಭೀರವಾಗಿ ಕೂತಿರುವ ಕೋಚ್. ಸ್ವಲ್ಪ ಹಳಬರಿಗೆ ಮಾತ್ರ 2000ರಲ್ಲಿ ಅವರ ಜಿಂಬಾಬ್ವೆ ತಂಡ ಭಾರತಕ್ಕೆ ಬಂದದ್ದು ನೆನಪಿರಬಹುದು. ದೆಹಲಿ ಮತ್ತು ನಾಗ್ಪುರದ ಎರಡು ಟೆಸ್ಟ್‌ಗಳಲ್ಲಿ ಅವರು 540 ರನ್ ಹೊಡೆದರು. ನಾಲ್ಕು ಇನ್ನಿಂಗ್ಸ್‌ಗಳಲ್ಲಿ ಔಟಾದದ್ದು ಎರಡೇ ಸಲ.

ಅವರ ಜೊತೆ ಆಡಿದ ಇನ್ನೊಬ್ಬರಿದ್ದಾರೆ. ಹೆನ್ರಿ ಒಲೊಂಗ. ಈ ಹೆಸರು ನಮ್ಮವರಿಗೆ ಬೇರೆ ಕಾರಣಕ್ಕೆ ನೆನಪಿದೆ. 1999ರ ವಿಶ್ವಕಪ್, ಲೆಸ್ಟರ್. ಭಾರತಕ್ಕೆ ಬೇಕಿದ್ದದ್ದು ಬೆರಳೆಣಿಕೆಯ ರನ್, ಕೈಯಲ್ಲಿ ಮೂರು ವಿಕೆಟ್. ಒಲೊಂಗ ಒಂದೇ ಓವರ್‌ನಲ್ಲಿ ರಾಬಿನ್ ಸಿಂಗ್, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಮೂವರನ್ನೂ ಔಟ್ ಮಾಡಿದರು. ಅನಿಲ್ ಕುಂಬ್ಳೆ ಇನ್ನೊಂದು ತುದಿಯಲ್ಲಿ ಹಾಗೇ ನಿಂತುಬಿಟ್ಟರು. ನಾವು 3 ರನ್‌ಗಳಿಂದ ಸೋತೆವು. ಜಡೆ ಕಟ್ಟಿದ ಆ ಹುಡುಗ ಕೈ ಚಾಚಿ ಓಡಿದ್ದನ್ನು ಆ ರಾತ್ರಿ ಟಿವಿ ಮುಂದೆ ಕೂತಿದ್ದ ಯಾರೂ ಮರೆಯಲಾರರು.

ಈ ಇಬ್ಬರೂ ಒಂದೇ ದಿನ, ಒಂದೇ ಮೈದಾನದಲ್ಲಿ ಒಂದೇ ಕೆಲಸ ಮಾಡಿದರು. ಅದರ ಬೆಲೆ ಮಾತ್ರ ಇಬ್ಬರಿಗೂ ಒಂದೇ ಆಗಿರಲಿಲ್ಲ. ಆಟಗಾರರು ರಾಜಕೀಯ ಮಾತಾಡಿದರೆ ಅವರ ವೃತ್ತಿಗೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

2003ರ ಫೆಬ್ರುವರಿ 10. ಹರಾರೆಯಲ್ಲಿ ಜಿಂಬಾಬ್ವೆಗೆ ವಿಶ್ವಕಪ್‌ನ ಮೊದಲ ಪಂದ್ಯ, ಎದುರಾಳಿ ನಮೀಬಿಯಾ. ದೇಶ ರಾಬರ್ಟ್ ಮುಗಾಬೆ ಕೈಯಲ್ಲಿತ್ತು. ಊಟಕ್ಕಿಲ್ಲದ ಜನ, ಕೆಲಸವಿಲ್ಲದ ಯುವಕರು, ವಿರೋಧ ಪಕ್ಷದವರ ಮೇಲೆ ಹಲ್ಲೆ. ಇಂಥ ಹೊತ್ತಲ್ಲಿ ಏನೂ ಆಗಿಲ್ಲವೆಂಬಂತೆ ಹೇಗೆ ಆಡುವುದು ಅನ್ನುವುದು ಫ್ಲವರ್ ಅವರನ್ನು ಕಾಡುತ್ತಿತ್ತು. ಅವರು ಒಲೊಂಗ ಹತ್ತಿರ ಮಾತಾಡಿದರು. ವಕೀಲರೂ ವಿರೋಧ ಪಕ್ಷದ ಸಂಸದರೂ ಆಗಿದ್ದ ಡೇವಿಡ್ ಕೋಲ್ಟಾರ್ಟ್ ಅವರ ಸಲಹೆ ಪಡೆದರು. ಪಂದ್ಯ ಶುರುವಾಗುವ ಮೊದಲು ಪತ್ರಕರ್ತರಿಗೆ ಒಂದು ಹೇಳಿಕೆ ಹಂಚಿದರು. ನಮ್ಮ ಪ್ರೀತಿಯ ಜಿಂಬಾಬ್ವೆಯಲ್ಲಿ ಪ್ರಜಾಪ್ರಭುತ್ವ ಸತ್ತಿದೆ, ಅದಕ್ಕಾಗಿ ಶೋಕ ಆಚರಿಸುತ್ತಿದ್ದೇವೆ ಎಂಬುದು ಅದರ ಸಾರ. ಆಮೇಲೆ ಕಪ್ಪುಪಟ್ಟಿ ಕಟ್ಟಿಕೊಂಡು ಮೈದಾನಕ್ಕಿಳಿದರು. ಘೋಷಣೆ ಕೂಗಲಿಲ್ಲ. ಪಂದ್ಯ ನಿಲ್ಲಿಸಲಿಲ್ಲ. ಕ್ರೇಗ್ ವಿಶಾರ್ಟ್ ಔಟಾಗದೆ 172 ಹೊಡೆದರು, ಜಿಂಬಾಬ್ವೆ ಗೆದ್ದಿತು.

ಆಮೇಲೆ ನಡೆದದ್ದು ನೋಡಿ. ಒಲೊಂಗ ಅವರನ್ನು ಸ್ವಂತ ಕ್ಲಬ್ ತಕಾಶಿಂಗಾ ಹೊರಹಾಕಿತು. ಸರ್ಕಾರದ ಮಾಹಿತಿ ಸಚಿವರು ಅವರನ್ನು ಬಿಳಿಯರ ಗುಲಾಮ ಎಂಬರ್ಥದಲ್ಲಿ ಹೀಯಾಳಿಸಿದರು. ಜೀವ ಬೆದರಿಕೆ ಬಂತು. ದೇಶದ್ರೋಹದ ಕೇಸಿನ ಭಯ ಶುರುವಾಯಿತು. ಆಗ ಒಂದು ಮಳೆ ಅವರ ಕೈಹಿಡಿಯಿತು. ಮಾರ್ಚ್ 4ರಂದು ಬುಲವಾಯೊದಲ್ಲಿ ಪಾಕಿಸ್ತಾನದ ವಿರುದ್ಧದ ಪಂದ್ಯ ಮಳೆಗೆ ಕೊಚ್ಚಿಹೋಯಿತು. ಆ ಪಾಯಿಂಟ್‌ನಿಂದ ಜಿಂಬಾಬ್ವೆ ಮುಂದಿನ ಸುತ್ತಾದ ಸೂಪರ್ ಸಿಕ್ಸ್ ತಲುಪಿತು, ತಂಡ ದಕ್ಷಿಣ ಆಫ್ರಿಕಕ್ಕೆ ಹೊರಟಿತು. ಒಲೊಂಗ ಅಲ್ಲಿಂದಲೇ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದರು. ಮಳೆ ಬರದಿದ್ದರೆ ಅವರು ಊರಲ್ಲೇ ಉಳಿಯುತ್ತಿದ್ದರು. ಆಮೇಲಿನದ್ದನ್ನು ಊಹಿಸಿಕೊಳ್ಳಲೂ ಮನಸ್ಸು ಬರುವುದಿಲ್ಲ.

ಆ ವಿಶ್ವಕಪ್ ಮುಗಿದ ಮೇಲೆ ಫ್ಲವರ್ ಅವರೂ ಮತ್ತೆ ಜಿಂಬಾಬ್ವೆಗೆ ಆಡಲಿಲ್ಲ. ಆದರೆ ಅವರಿಗೆ ಆಗ 34 ವರ್ಷ. ಟೆಸ್ಟ್‌ನಲ್ಲಿ 51 ದಾಟಿದ ಸರಾಸರಿ. ಜಗತ್ತಿನ ಒಂದನೇ ನಂಬರ್ ಬ್ಯಾಟ್ಸ್‌ಮನ್ ಅನ್ನಿಸಿಕೊಂಡಾಗಿತ್ತು. ಇಂಗ್ಲೆಂಡಿನ ಎಸೆಕ್ಸ್ ಕೌಂಟಿಗೆ ಹಿಂದಿನ ವರ್ಷದಿಂದಲೇ ಆಡುತ್ತಿದ್ದರು. ಅಲ್ಲೇ ಮುಂದುವರಿದರು, ಕೋಚಿಂಗ್‌ಗೆ ಬಂದರು, 2009ರಲ್ಲಿ ಇಂಗ್ಲೆಂಡ್ ತಂಡವನ್ನೇ ವಹಿಸಿಕೊಂಡರು. ಮೂರು ಆ್ಯಷಸ್, ಒಂದು ಟಿ20 ವಿಶ್ವಕಪ್, 2012ರಲ್ಲಿ ನಮ್ಮದೇ ನೆಲದಲ್ಲಿ ನಮ್ಮನ್ನು ಸೋಲಿಸಿದ ಟೆಸ್ಟ್ ಸರಣಿ. ಕಡೆಗೆ ಬೆಂಗಳೂರು.

ಒಲೊಂಗ ಅವರಿಗೆ ಆಗ 26. ವೇಗದ ಬೌಲರ್‌ಗೆ ಅದು ಏರುವ ವಯಸ್ಸು. ಜಿಂಬಾಬ್ವೆ ಪರ ಟೆಸ್ಟ್ ಆಡಿದ ಮೊದಲ ಕಪ್ಪು ಕ್ರಿಕೆಟಿಗ ಅವರು. 30 ಟೆಸ್ಟ್, 68 ವಿಕೆಟ್. ಅಲ್ಲಿಗೇ ಲೆಕ್ಕ ನಿಂತಿತು. ಮುಂದೆ ಪ್ರದರ್ಶನ ಪಂದ್ಯ ಆಡಿದರು, ಕಾಮೆಂಟರಿ ಮಾಡಿದರು, ಆಸ್ಟ್ರೇಲಿಯಾಕ್ಕೆ ಹೋಗಿ ಸಂಸಾರ ಹೂಡಿದರು. 2019ರಲ್ಲಿ ಅಲ್ಲಿನ ಟಿವಿಯ ಹಾಡಿನ ಸ್ಪರ್ಧೆಯೊಂದರಲ್ಲಿ ಕಾಣಿಸಿಕೊಂಡರು. ದನಿ ತುಂಬ ಚೆನ್ನಾಗಿದೆ. ಬದುಕು ಕೆಟ್ಟಿತು ಅಂತ ನಾನು ಹೇಳುತ್ತಿಲ್ಲ. ಕ್ರಿಕೆಟ್ ಮಾತ್ರ ಮುಗಿಯಿತು.

ಇದರಲ್ಲಿ ಫ್ಲವರ್ ಅವರ ಧೈರ್ಯವನ್ನು ಕಮ್ಮಿ ಮಾಡುವ ಉದ್ದೇಶ ನನಗಿಲ್ಲ. ಮುಗಾಬೆಯ ಹರಾರೆಯಲ್ಲಿ ನಿಂತು ಅಷ್ಟು ಮಾಡುವುದು ಯಾರಿಗೂ ಸುಲಭವಿರಲಿಲ್ಲ. ನಾನು ಕೇಳುತ್ತಿರುವುದು ಬೇರೆ. ಒಂದೇ ಪಟ್ಟಿ ಕಟ್ಟಿದವರಲ್ಲಿ ಒಬ್ಬರಿಗೆ ದೇಶ ಹೋಯಿತು, ಆಟ ಉಳಿಯಿತು. ಇನ್ನೊಬ್ಬರಿಗೆ ಎರಡೂ ಹೋಯಿತು. ಯಾಕೆ?

ನನ್ನ ಉತ್ತರ ಇದು. ಪ್ರತಿಭಟನೆ ಎಷ್ಟು ಜೋರಾಗಿತ್ತು, ವಿಷಯ ಎಷ್ಟು ನ್ಯಾಯವಾಗಿತ್ತು ಅನ್ನುವುದು ಆಟಗಾರನ ಮುಂದಿನ ದಿನಗಳನ್ನು ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ಎರಡೇ ಸಂಗತಿ. ಮುಂದಿನ ಪಂದ್ಯಕ್ಕೆ ಬಾಗಿಲು ತೆಗೆಯುವವರು ಯಾರು? ಆ ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ಇದೆಯಾ? ಫ್ಲವರ್ ಅವರಿಗೆ ಎಸೆಕ್ಸ್ ಇತ್ತು, ಹೊತ್ತುಕೊಂಡು ಹೋಗಬಹುದಾದ ದೊಡ್ಡ ಹೆಸರಿತ್ತು. ಒಲೊಂಗ ಇನ್ನೂ ಹೆಸರು ಮಾಡುತ್ತಿದ್ದರು.

ಕನ್ನಡದಲ್ಲಿ ಕಪ್ಪುಪಟ್ಟಿ ಅಂದರೆ ಎರಡು ಅರ್ಥ. ತೋಳಿಗೆ ಕಟ್ಟುವ ಪಟ್ಟಿ ಒಂದು. ಬೇಡದವರ ಹೆಸರು ಸೇರಿಸುವ ಪಟ್ಟಿ ಇನ್ನೊಂದು. ಎರಡನೆಯದನ್ನು ಯಾರೂ ಕಾಗದದ ಮೇಲೆ ಬರೆದಿಡುವುದಿಲ್ಲ. ನಿನ್ನನ್ನು ಇದೇ ಕಾರಣಕ್ಕೆ ತೆಗೆದಿದ್ದೇವೆ ಅಂತ ಯಾವ ಆಯ್ಕೆ ಸಮಿತಿಯೂ ಪತ್ರ ಕೊಡುವುದಿಲ್ಲ. ಫೋನ್ ಬರುವುದಿಲ್ಲ, ಅಷ್ಟೇ. ಕ್ರೀಡೆಯಲ್ಲಿ ಇದಕ್ಕೆ ನೆಪ ಹುಡುಕುವುದೂ ಸುಲಭ. ಫಾರ್ಮ್ ಇಲ್ಲ, ವಯಸ್ಸಾಯಿತು, ಮಂಡಿ ನೋವಿದೆ, ತಂಡದ ಲೆಕ್ಕಾಚಾರಕ್ಕೆ ಹೊಂದುವುದಿಲ್ಲ. ಇವೆಲ್ಲ ಯಾವಾಗಲೂ ಅರ್ಧ ನಿಜವೇ ಆಗಿರುತ್ತವೆ. ಹಾಗಾಗಿ ಅನ್ಯಾಯವಾಯಿತು ಅಂತ ಸಾಬೀತು ಮಾಡುವುದು ಬಹಳ ಕಷ್ಟ.

ಅಮೆರಿಕದ ಕಾಲಿನ್ ಕೆಪರ್ನಿಕ್ ಅವರ ಕಥೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅವರು ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವರು. ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಸೂಪರ್ ಬೌಲ್ ಫೈನಲ್‌ವರೆಗೆ ಕೊಂಡೊಯ್ದವರು. ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯ ಖಂಡಿಸಿ 2016ರಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಮೊದಲು ಕೂತರು. ಹಿಂದೆ ಸೈನ್ಯದಲ್ಲಿದ್ದ ಒಬ್ಬ ಆಟಗಾರ, ಕೂರುವುದಕ್ಕಿಂತ ಮಂಡಿಯೂರುವುದು ಹೆಚ್ಚು ಗೌರವದ್ದು ಅಂತ ಸಲಹೆ ಕೊಟ್ಟರು. ಅವರು ಹಾಗೇ ಮಾಡಿದರು. ಆ ಸೀಸನ್‌ನಲ್ಲಿ ಅವರ ತಂಡ ಸೋತದ್ದೇ ಜಾಸ್ತಿ, ಆದರೆ ಅವರ ಲೆಕ್ಕ ಕೆಟ್ಟದಾಗಿರಲಿಲ್ಲ. 16 ಟಚ್‌ಡೌನ್ ಪಾಸ್, ಎದುರಾಳಿ ಕೈಗೆ ಹೋದದ್ದು 4. 2017ರ ಮಾರ್ಚ್‌ನಲ್ಲಿ ಗುತ್ತಿಗೆಯಿಂದ ಹೊರಬಂದರು. ಲೀಗ್‌ನಲ್ಲಿ 32 ತಂಡಗಳಿದ್ದವು. ಒಂದೂ ಗುತ್ತಿಗೆ ಕೊಡಲಿಲ್ಲ. ಅವರಿಗೆ ಆಗ 29 ವರ್ಷ.

ತಂಡಗಳ ಮಾಲೀಕರು ಸೇರಿಕೊಂಡು ನನ್ನನ್ನು ಹೊರಗಿಟ್ಟಿದ್ದಾರೆ ಅಂತ ಅವರು ದೂರು ಕೊಟ್ಟರು. ಲೀಗ್ ಒಪ್ಪಲಿಲ್ಲ. 2019ರ ಫೆಬ್ರುವರಿಯಲ್ಲಿ ರಾಜಿಯಾಯಿತು, ಮೊತ್ತ ಗುಟ್ಟಾಗಿಯೇ ಉಳಿಯಿತು. ಅಷ್ಟರಲ್ಲಿ ನೈಕಿ ಕಂಪನಿ ಅವರ ಮುಖ ಹಾಕಿ ದೊಡ್ಡ ಜಾಹೀರಾತು ಮಾಡಿತ್ತು. 2020ರಲ್ಲಿ ಲೀಗ್‌ನ ಮುಖ್ಯಸ್ಥರೇ, ಆಟಗಾರರ ಮಾತು ಮೊದಲೇ ಕೇಳದಿದ್ದದ್ದು ನಮ್ಮ ತಪ್ಪು ಅಂದರು. ಎಲ್ಲ ಸರಿ, ಆಟ ಮಾತ್ರ ವಾಪಸ್ ಸಿಗಲಿಲ್ಲ. ಕ್ರಿಕೆಟಿಗನಿಗಾದರೆ ಕೌಂಟಿ ಇದೆ, ಬೇರೆ ದೇಶದ ಲೀಗ್ ಇದೆ. ಅಮೆರಿಕನ್ ಫುಟ್‌ಬಾಲ್ ಆ ಮಟ್ಟದಲ್ಲಿ ಇರುವುದು ಒಂದೇ ಲೀಗ್‌ನಲ್ಲಿ. 32 ಬಾಗಿಲು ಕಂಡರೂ ಮನೆ ಒಂದೇ.

ಮುಹಮ್ಮದ್ ಅಲಿ ಅವರ ವಿಷಯ ಎಲ್ಲರಿಗೂ ಗೊತ್ತಿದೆ, ಜಾಸ್ತಿ ಬರೆಯುವುದಿಲ್ಲ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೈನ್ಯ ಸೇರುವುದಿಲ್ಲ ಅಂದರು. ಲೈಸೆನ್ಸ್ ಹೋಯಿತು, ಪಟ್ಟ ಹೋಯಿತು, ಪಾಸ್‌ಪೋರ್ಟ್ ಕಿತ್ತುಕೊಂಡದ್ದರಿಂದ ಹೊರದೇಶದಲ್ಲೂ ಆಡುವಂತಿರಲಿಲ್ಲ. 1971ರಲ್ಲಿ ಸುಪ್ರೀಂ ಕೋರ್ಟ್ ಅವರ ಶಿಕ್ಷೆ ರದ್ದು ಮಾಡಿತು. ಆದರೆ 25ರಿಂದ 28ರವರೆಗಿನ ಮೂರೂವರೆ ವರ್ಷ ಅವರು ರಿಂಗ್‌ನಿಂದ ಹೊರಗಿದ್ದರು. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಆ ವಯಸ್ಸು. ಲಾಯರ್‌ಗೋ ಮೇಷ್ಟ್ರಿಗೋ ಮೂರು ವರ್ಷ ಹೋದರೆ ನಷ್ಟವೇ, ಆದರೆ ತುಂಬಿಕೊಳ್ಳಬಹುದು. ಆಟಗಾರನ ಇಡೀ ವೃತ್ತಿಯೇ ಹತ್ತು ಹನ್ನೆರಡು ವರ್ಷ. ಅವನನ್ನು ಶಿಕ್ಷಿಸಲು ನಿಷೇಧ ಹಾಕಬೇಕಿಲ್ಲ. ಸ್ವಲ್ಪ ಕಾಯಿಸಿದರೆ ಸಾಕು.

ಬಾಗಿಲು ತೆರೆದೇ ಇದ್ದರೆ ಹೇಗಿರುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಉಸ್ಮಾನ್ ಖ್ವಾಜಾ ಗಾಜಾದ ಜನರನ್ನು ನೆನೆದು, ಎಲ್ಲ ಜೀವಗಳೂ ಸಮಾನ ಎಂದು ಶೂ ಮೇಲೆ ಬರೆದುಕೊಂಡರು. ಐಸಿಸಿ ಅದನ್ನು ಬಿಡಲಿಲ್ಲ. ಪರ್ತ್ ಟೆಸ್ಟ್‌ನಲ್ಲಿ ಕಪ್ಪುಪಟ್ಟಿ ಕಟ್ಟಿ ಆಡಿದ್ದಕ್ಕೆ ಛೀಮಾರಿ ಹಾಕಿತು. ಆದರೆ ನಾಯಕ ಪ್ಯಾಟ್ ಕಮಿನ್ಸ್ ಎಲ್ಲರ ಮುಂದೆ ಅವರ ಪರ ನಿಂತರು. ಖ್ವಾಜಾ ತಂಡದಲ್ಲೇ ಇದ್ದರು. 2025ರ ಆರಂಭದಲ್ಲಿ ಗಾಲೆಯಲ್ಲಿ 232 ಹೊಡೆದರು. ಐಸಿಸಿಯ ಛೀಮಾರಿ ಅವರ ವೃತ್ತಿಯನ್ನು ಅಲುಗಿಸಲಿಲ್ಲ, ಯಾಕೆಂದರೆ ಅವರನ್ನು ಆರಿಸುತ್ತಿದ್ದದ್ದು ಐಸಿಸಿ ಅಲ್ಲ.

ಈಗ ದೆಹಲಿಯ ಜಂತರ್ ಮಂತರ್‌ಗೆ ಬರೋಣ.

2023ರ ಜನವರಿ 18ರಂದು ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪುನಿಯಾ ಅಲ್ಲಿ ಧರಣಿ ಕೂತರು. ಭಾರತೀಯ ಕುಸ್ತಿ ಫೆಡರೇಷನ್‌ನ ಆಗಿನ ಅಧ್ಯಕ್ಷ, ಬಿಜೆಪಿ ಸಂಸದ ಬ್ರಿಜ್‌ಭೂಷಣ್ ಶರಣ್ ಸಿಂಗ್ ಮಹಿಳಾ ಕುಸ್ತಿಪಟುಗಳಿಗೆ ಲೈಂಗಿಕ ಕಿರುಕುಳ ಕೊಟ್ಟಿದ್ದಾರೆ ಅನ್ನುವುದು ಆರೋಪ. ಅವರು ಅದನ್ನು ಅಲ್ಲಗಳೆದರು. ಸಮಿತಿ ಆಯಿತು, ಏನೂ ಆಗಲಿಲ್ಲವೆಂದು ಏಪ್ರಿಲ್ 23ರಂದು ಮತ್ತೆ ಕೂತರು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋದಮೇಲೆ, ಏಪ್ರಿಲ್ 28ರಂದು, ಎಫ್‌ಐಆರ್ ದಾಖಲಾಯಿತು. ಮೇ 28ರಂದು ಹೊಸ ಸಂಸತ್ ಭವನದ ಕಡೆ ಹೊರಟವರನ್ನು ಪೊಲೀಸರು ರಸ್ತೆಯಲ್ಲಿ ಎಳೆದಾಡಿದ ಚಿತ್ರ ದೇಶವೆಲ್ಲ ನೋಡಿತು. ಎರಡು ದಿನದ ಮೇಲೆ ಪದಕಗಳನ್ನು ಗಂಗೆಗೆ ಬಿಡುತ್ತೇವೆಂದು ಅವರು ಹರಿದ್ವಾರಕ್ಕೆ ಹೋದರು, ರೈತ ಮುಖಂಡರು ತಡೆದರು. 2024ರ ಮೇನಲ್ಲಿ ದೆಹಲಿಯ ನ್ಯಾಯಾಲಯ ದೋಷಾರೋಪ ಹೊರಿಸಿತು.

ಇದು ರಾಜಕೀಯವಾ? ಕೂತವರು ಅಲ್ಲ ಅಂದರು. ತಮ್ಮ ಜೊತೆಯ ಹೆಣ್ಣುಮಕ್ಕಳಿಗೆ ಆದ ಅನ್ಯಾಯ ಕೇಳುತ್ತಿದ್ದೇವೆ ಅಂದರು. ಆದರೆ ಆರೋಪ ಹೊತ್ತವರು ಅಧಿಕಾರದಲ್ಲಿರುವ ಪಕ್ಷದ ಸಂಸದರಾದಾಗ ರಾಜಕೀಯ ಅನ್ನುವ ಹಣೆಪಟ್ಟಿ ತಾನಾಗೇ ಅಂಟುತ್ತದೆ.

ಇಲ್ಲಿ ಬಾಗಿಲಿನ ಲೆಕ್ಕ ಹಾಕಿ. ಒಬ್ಬ ಕುಸ್ತಿಪಟು ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಟ್ರಯಲ್ಸ್ ನಡೆಸುವುದು ಫೆಡರೇಷನ್. ರಾಷ್ಟ್ರೀಯ ಶಿಬಿರ ಫೆಡರೇಷನ್‌ದು. ಹೆಸರು ಕಳಿಸುವುದು ಫೆಡರೇಷನ್. ಕೌಂಟಿ ಇಲ್ಲ, ಐಪಿಎಲ್ ಇಲ್ಲ, ಆರಿಸಲು ಇನ್ನೊಂದು ತಂಡವಿಲ್ಲ. ಒಂದೇ ಬಾಗಿಲು. ದೂರು ಇರುವುದು ಆ ಬಾಗಿಲ ಬಳಿ ಕೂತವರ ಮೇಲೆಯೇ. ಕೆಪರ್ನಿಕ್ ತಮ್ಮ ದೇಶದ ಪೊಲೀಸರ ಬಗ್ಗೆ ಮಾತಾಡಿದರು, ಒಲೊಂಗ ಸರ್ಕಾರದ ಬಗ್ಗೆ. ಇವರು ನೇರವಾಗಿ ತಮ್ಮನ್ನು ಆರಿಸುವ ಸಂಸ್ಥೆಯ ಮುಖ್ಯಸ್ಥರ ಹೆಸರನ್ನೇ ಹೇಳಿದರು. ನಾನು ಓದಿದ ಪ್ರತಿಭಟನೆಗಳಲ್ಲಿ ಇಷ್ಟು ಕಡಿಮೆ ರಕ್ಷಣೆ ಇಟ್ಟುಕೊಂಡು ಕೂತವರು ಬಹಳ ಕಮ್ಮಿ.

2023ರ ಡಿಸೆಂಬರ್ 21ರಂದು ಫೆಡರೇಷನ್ ಚುನಾವಣೆಯಲ್ಲಿ ಬ್ರಿಜ್‌ಭೂಷಣ್ ಅವರ ಆಪ್ತ ಸಂಜಯ್ ಸಿಂಗ್ ಗೆದ್ದರು. ಅದೇ ದಿನ ಸಾಕ್ಷಿ ಪತ್ರಿಕಾಗೋಷ್ಠಿಯ ಮೇಜಿನ ಮೇಲೆ ತಮ್ಮ ಕುಸ್ತಿ ಶೂ ಇಟ್ಟು, ಅಳುತ್ತಾ ವಿದಾಯ ಹೇಳಿದರು. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳಾ ಕುಸ್ತಿಪಟು ಅವರು. ವಯಸ್ಸು 31. ಹಿಂದಿನ ವರ್ಷವಷ್ಟೇ ಕಾಮನ್‌ವೆಲ್ತ್ ಚಿನ್ನ ಗೆದ್ದಿದ್ದರು. ಯಾರೂ ಅವರಿಗೆ ನಿಷೇಧ ಹಾಕಿರಲಿಲ್ಲ. ಬಾಗಿಲು ಮತ್ತೆ ಅದೇ ಕೈಗೆ ಹೋಯಿತು ಅನ್ನಿಸಿದ್ದೇ ಸಾಕಾಯಿತು. ಆ ಶೂಗಳ ಚಿತ್ರ ನೋಡಿದಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಬಜರಂಗ್ ಪದ್ಮಶ್ರೀಯನ್ನು ಫುಟ್‌ಪಾತ್ ಮೇಲಿಟ್ಟು ಬಂದರು. 2024ರ ಮಾರ್ಚ್‌ನಲ್ಲಿ ಟ್ರಯಲ್ಸ್ ಸೋತರು. ಅದೇ ದಿನ ಡೋಪಿಂಗ್ ಪರೀಕ್ಷೆಗೆ ಮಾದರಿ ಕೊಡಲಿಲ್ಲವೆಂದು ಅವರಿಗೆ ನಾಲ್ಕು ವರ್ಷದ ನಿಷೇಧ ಬಂತು. ಅವಧಿ ಮುಗಿದ ಕಿಟ್ ತಂದದ್ದರ ಬಗ್ಗೆ ಉತ್ತರ ಕೇಳಿದ್ದೆ ಅನ್ನುವುದು ಅವರ ವಾದ. ಡೋಪಿಂಗ್ ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾದ ಸಮಿತಿ ಒಪ್ಪಲಿಲ್ಲ. ಇದನ್ನು ಧರಣಿಗೆ ನೇರವಾಗಿ ಜೋಡಿಸಲು ನಾನು ಹೋಗುವುದಿಲ್ಲ, ಮಾದರಿ ಕೊಡುವ ನಿಯಮ ಎಲ್ಲರಿಗೂ ಒಂದೇ.

ಮುಚ್ಚಿಡಬಾರದ ಇನ್ನೊಂದು ಮಾತಿದೆ. 2023ರ ಜುಲೈನಲ್ಲಿ, ಫೆಡರೇಷನ್ ಬದಲಿಗೆ ಕೆಲಸ ಮಾಡುತ್ತಿದ್ದ ತಾತ್ಕಾಲಿಕ ಸಮಿತಿ ವಿನೇಶ್ ಮತ್ತು ಬಜರಂಗ್ ಇಬ್ಬರಿಗೂ ಟ್ರಯಲ್ಸ್ ಇಲ್ಲದೆ ಏಷ್ಯನ್ ಗೇಮ್ಸ್‌ಗೆ ನೇರ ಪ್ರವೇಶ ಕೊಟ್ಟಿತು. ಕಿರಿಯರಾದ ಅಂತಿಮ್ ಪಂಘಲ್ ಮತ್ತು ಸುಜೀತ್ ಕಲ್ಕಲ್ ಕೋರ್ಟ್‌ಗೆ ಹೋದರು. ಅರ್ಜಿ ಬಿದ್ದುಹೋಯಿತು, ಆದರೆ ಅವರ ಪ್ರಶ್ನೆ ಸರಿಯಾಗೇ ಇತ್ತು. ಆ ವಿನಾಯಿತಿ ಒಪ್ಪಿಕೊಂಡದ್ದು ಚಳವಳಿಯ ಹೆಸರಿಗೆ ಪೆಟ್ಟು ಕೊಟ್ಟಿತು ಅಂತ ಮುಂದೆ ಸಾಕ್ಷಿಯೇ ಹೇಳಿದರು. ಅವರ ಮಾತು ನನಗೂ ಒಪ್ಪಿಗೆ. ಬಾಗಿಲು ಎಲ್ಲರಿಗೂ ನ್ಯಾಯವಾಗಿ ತೆರೆಯಲಿ ಅಂತ ಹೋರಾಡಿದವರು ತಮಗೆ ಮಾತ್ರ ತೆರೆದ ಬಾಗಿಲಲ್ಲಿ ಹೋಗಬಾರದಿತ್ತು.

ವಿನೇಶ್ ಏಷ್ಯನ್ ಗೇಮ್ಸ್‌ಗೆ ಹೋಗಲಿಲ್ಲ. ಮಂಡಿಗೆ ಗಾಯವಾಗಿ ಶಸ್ತ್ರಚಿಕಿತ್ಸೆ ಆಯಿತು. ಅವರದು 53 ಕೆ.ಜಿ. ವಿಭಾಗ. ಅವರಿಲ್ಲದ ಹೊತ್ತಲ್ಲಿ ಆ ವಿಭಾಗದ ಒಲಿಂಪಿಕ್ ಕೋಟಾವನ್ನು ಅಂತಿಮ್ ಗೆದ್ದುಕೊಂಡರು, ನ್ಯಾಯವಾಗಿಯೇ. ವಿನೇಶ್ 50 ಕೆ.ಜಿ.ಗೆ ಇಳಿಯಬೇಕಾಯಿತು. 2024ರ ಆಗಸ್ಟ್ 6ರಂದು ಪ್ಯಾರಿಸ್‌ನಲ್ಲಿ, ಅಲ್ಲಿವರೆಗೆ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಒಮ್ಮೆಯೂ ಸೋಲದ ಜಪಾನಿನ ಯುಯಿ ಸುಸಾಕಿ ಅವರನ್ನು ಕೊನೇ ಕ್ಷಣದಲ್ಲಿ ಸೋಲಿಸಿದರು. ಅದೇ ದಿನ ಫೈನಲ್ ತಲುಪಿದರು. ಮರುದಿನ ಬೆಳಗ್ಗೆ ತೂಕ 100 ಗ್ರಾಂ ಜಾಸ್ತಿ ಬಂತು, ಅನರ್ಹರಾದರು. ತೂಕ ಹೆಚ್ಚಾದದ್ದಕ್ಕೆ ಧರಣಿ ಕಾರಣ ಅನ್ನುವುದು ಸುಮ್ನೆ ಮಾತಾಗುತ್ತದೆ. ಆದರೆ ಅಭ್ಯಾಸ ಮಾಡಬೇಕಿದ್ದ ತಿಂಗಳುಗಳನ್ನು ಬೀದಿಯಲ್ಲಿ ಕಳೆದದ್ದು ನಿಜ.

ವಿದಾಯ ಹೇಳಿದ ಅವರು ಒಂದೇ ತಿಂಗಳಲ್ಲಿ ಕಾಂಗ್ರೆಸ್ ಸೇರಿದರು, ಅಕ್ಟೋಬರ್‌ನಲ್ಲಿ ಹರಿಯಾಣದ ಜುಲಾನಾದಿಂದ 6,015 ಮತಗಳಿಂದ ಗೆದ್ದು ಶಾಸಕಿಯಾದರು. ನೋಡಿ, ಮೊದಲೇ ಹೇಳಿರಲಿಲ್ಲವಾ ಅಂತ ಎಷ್ಟೋ ಜನ ಅಂದರು. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಆಟದ ಬಾಗಿಲು ಮುಚ್ಚಿದ ಮೇಲೆ ತೆರೆದ ಇನ್ನೊಂದು ಬಾಗಿಲಿಗೆ ಹೋದವರನ್ನು, ಅವರ ಕಣ್ಣು ಮೊದಲಿಂದಲೂ ಅದರ ಮೇಲೇ ಇತ್ತು ಅನ್ನುವುದು ಸರಿಯಲ್ಲ. 2025ರ ಕೊನೆಯಲ್ಲಿ ಅವರೇ, ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗಾಗಿ ಮತ್ತೆ ಅಖಾಡಕ್ಕೆ ಇಳಿಯುತ್ತೇನೆ ಅಂದರು. ಆ ಒಲಿಂಪಿಕ್ಸ್ ಹೊತ್ತಿಗೆ ಅವರಿಗೆ 33 ಆಗಿರುತ್ತದೆ.

ಈ ಧರಣಿಯ ಹೊತ್ತಲ್ಲಿ ನಮ್ಮ ಬೆಂಗಳೂರಿನ ಇಬ್ಬರು ದೊಡ್ಡ ಕ್ರಿಕೆಟಿಗರ ಮಾತೂ ಕೇಳಿಸಿತು. ಮೇ 28ರ ಘಟನೆ ನಡೆದ ಎರಡು ದಿನಕ್ಕೆ ಅನಿಲ್ ಕುಂಬ್ಳೆ, ಕುಸ್ತಿಪಟುಗಳನ್ನು ಎಳೆದಾಡಿದ ಸುದ್ದಿ ಕೇಳಿ ಬೇಸರವಾಗಿದೆ, ಮಾತುಕತೆಯಿಂದ ಬಗೆಹರಿಯಲಿ ಎಂದು ಬರೆದರು. ಮೆತ್ತಗಿನ ಮಾತು. ಆದರೂ ಆಗ ಅಷ್ಟನ್ನೂ ಹೇಳಿದ ಕ್ರಿಕೆಟಿಗರು ಎಷ್ಟು ಮಂದಿ? ಕೆಲವು ದಿನಗಳಲ್ಲಿ 1983ರ ವಿಶ್ವಕಪ್ ತಂಡದ ಹೆಸರಲ್ಲಿ ಕುಸ್ತಿಪಟುಗಳ ಪರ ಒಂದು ಹೇಳಿಕೆ ಬಂತು. ಆ ತಂಡದ ರೋಜರ್ ಬಿನ್ನಿ, ಆಗ ಬಿಸಿಸಿಐ ಅಧ್ಯಕ್ಷರು, ಆ ಹೇಳಿಕೆ ನನ್ನದಲ್ಲ, ಕ್ರೀಡೆಗೆ ರಾಜಕೀಯ ಬೆರೆಸಬಾರದು ಎಂದು ಸ್ಪಷ್ಟಪಡಿಸಿದರು. ಇಬ್ಬರ ಸ್ವಭಾವವನ್ನು ಇದರಿಂದ ಅಳೆಯಲು ಹೋಗಬೇಡಿ. ಒಬ್ಬರು ಆ ಹೊತ್ತಿಗೆ ಯಾವ ಕುರ್ಚಿಯಲ್ಲೂ ಇರಲಿಲ್ಲ, ಇನ್ನೊಬ್ಬರು ದೇಶದ ದೊಡ್ಡ ಕ್ರೀಡಾ ಮಂಡಳಿಯ ಕುರ್ಚಿಯಲ್ಲಿದ್ದರು.

ನಮ್ಮ ಸ್ಟಾರ್‌ಗಳು ಯಾಕೆ ಮಾತಾಡಲ್ಲ ಅಂತ ನಾವು ಆಗಾಗ ಬೈಯುತ್ತೇವೆ ಅಲ್ವಾ? ಎಲ್ಲರ ಮೌನವೂ ಒಂದೇ ಅಲ್ಲ. ಮೊದಲ ಸಲ ರಾಜ್ಯ ತಂಡಕ್ಕೆ ಬಂದ ಹುಡುಗಿ ಬಾಯಿ ಬಿಡದಿದ್ದರೆ ನಾನು ಅವಳನ್ನು ಏನೂ ಅನ್ನಲಾರೆ. ಅವಳಿಗಿರುವುದು ಒಂದೇ ಬಾಗಿಲು. ಆದರೆ ಹತ್ತು ಬಾಗಿಲು ಇರುವವರಿದ್ದಾರೆ. ಕೋಟಿಗಟ್ಟಲೆ ಜಾಹೀರಾತು, ಮುಗಿದ ದಾಖಲೆಗಳು, ಕೈಯಲ್ಲಿ ಕಾಮೆಂಟರಿ ಗುತ್ತಿಗೆ. ಅವರ ಮೌನಕ್ಕೆ ಬೆಲೆ ಕೊಟ್ಟದ್ದು ಜಂತರ್ ಮಂತರ್‌ನ ಹಾಸಿನ ಮೇಲೆ ಮಲಗಿದವರು. ಹೆಸರಾಂತ ಹತ್ತು ಆಟಗಾರರು ಒಂದು ಸಂಜೆ ಅಲ್ಲಿಗೆ ಹೋಗಿ ಪಕ್ಕದಲ್ಲಿ ಕೂತಿದ್ದರೆ ಫೆಡರೇಷನ್‌ಗೆ ಆ ಮೂವರನ್ನು ಒಂಟಿಯಾಗಿಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ಕಾಲ ಕಳೆದ ಮೇಲೆ ಗೌರವ ಬರುತ್ತದೆ, ನಿಜ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಪೋಡಿಯಂ ಮೇಲೆ ಕಪ್ಪು ಜನರ ಹಕ್ಕಿಗಾಗಿ ಮುಷ್ಟಿ ಎತ್ತಿದ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಜೊತೆ ಬ್ಯಾಡ್ಜ್ ಧರಿಸಿ ನಿಂತಿದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ಅವರಲ್ಲಿ ಅಲ್ಲಿನ ಸಂಸತ್ತು 2012ರಲ್ಲಿ ಕ್ಷಮೆ ಕೇಳಿತು. ಅವರು ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಫ್ಲವರ್ ಮತ್ತು ಒಲೊಂಗ ಇಬ್ಬರಿಗೂ ಲಾರ್ಡ್ಸ್‌ನ ಕ್ರಿಕೆಟ್ ಕ್ಲಬ್ ಎಂಸಿಸಿ 2003ರಲ್ಲೇ ಆಜೀವ ಗೌರವ ಸದಸ್ಯತ್ವ ಕೊಟ್ಟಿತು.

ಮುಗಾಬೆ ಅಧಿಕಾರದಿಂದ ಇಳಿದದ್ದು 2017ರ ನವೆಂಬರ್‌ನಲ್ಲಿ. ಒಲೊಂಗ ಅವರಿಗೆ ಆಗ 41. ಆಂಡಿ ಫ್ಲವರ್ ಅವರಿಗೆ 49, ಕೋಚ್ ಆಗಿ ಇನ್ನೂ ಎಷ್ಟೋ ವರ್ಷ ಮುಂದಿತ್ತು.